ಅಟ್ಟೆಯೊಳಗಿನ ಬಣ್ಣ

ಮಣಿ ಹೊಲಿದ ಆ ಜೋಡಿ ತೊಗಲುಮೆಟ್ಟು ನಮ್ಮಜ್ಜಿಯದೇ ಎಂದು ಸಭೆಯಲ್ಲಿ ಎದೆ ತಟ್ಟಿ ಹೇಳಿದವಳು ನಾನು. ದೂರದ ಯಾವುದೋ ವಸ್ತುಸಂಗ್ರಹಾಲಯ ನೂರು ವರ್ಷದ ಮೇಲೆ ಅದನ್ನು ಅಮೆರಿಕದ ಮೂಲನಿವಾಸಿಗಳಾದ ನಮ್ಮ ಶಯೆನ್ ಜನಕ್ಕೆ ಮರಳಿಸಿತ್ತು. ಹೊಲಿದವಳ ಹೆಸರು ಮಾತ್ರ ಜೊತೆಗೆ ಬಂದಿರಲಿಲ್ಲ.

"ಈ ನೆಟ್ಟಗಿನ ಸಾಲು ನೋಡಿ, ನಮ್ಮಜ್ಜಿ ಕೈದೇ," ಎಂದೆ.

"ಹಂಗಾದ್ರೆ ನಿನ್ನ ಸಾಲು ಯಾಕೆ ಹಾವು ಹರಿದಂಗಿರ್ತವೆ, ಆರ್ಲೀನ್? ಅದು ನಮ್ಮಜ್ಜಿದು ಕಣೆ!" ಎಂದಳು ನನ್ನ ನಾದಿನಿ ಡೆಲ್ಫೀನ್.

ಸಭೆಯೆಲ್ಲ ನಕ್ಕಿತು. ನಮ್ಮಲ್ಲಿ ಅತ್ತಿಗೆ ನಾದಿನಿಯರು ಕಾಲೆಳೆಯುವುದನ್ನು ನಿಲ್ಲಿಸಿದರೆ ಸಂಬಂಧ ಕೆಟ್ಟಿತೆಂದೇ ಅರ್ಥ. ಜುಲೈ ನಾಲ್ಕರ ಹಬ್ಬದ ಕುಣಿತದ ಹೊತ್ತಿಗೆ ಒಂದು ಮೆಟ್ಟಿನ ಕಿತ್ತುಹೋದ ಅಟ್ಟೆ ಸರಿಮಾಡು, ಯಾರದೆಂದು ಆಮೇಲೆ ನೋಡೋಣ ಎಂದು ಹಿರಿಯರು ಅದನ್ನು ನನ್ನ ಕೈಗೇ ಕೊಟ್ಟರು.

ಮನೆಗೆ ಬಂದು ದಾರದಂತೆ ಎಳೆದ ಪ್ರಾಣಿನರದ ಹಳೆಯ ಹೊಲಿಗೆ ಬಿಚ್ಚಿ ಅಟ್ಟೆ ಮಗುಚಿದೆ. ಒಳಮೈಯಲ್ಲಿ ಕೆಂಪು ಹಳದಿ ಪಟ್ಟೆ, ಕಪ್ಪು ಗೆರೆಯ ತ್ರಿಕೋನ. ಬಣ್ಣ ಬಳಿದ ಹಳೆಯ ತೊಗಲಿನ ಚೀಲ ಕತ್ತರಿಸಿ ಅಟ್ಟೆ ಮಾಡುವುದು ನಮ್ಮವರ ರೂಢಿ. ಈ ಚೀಲ ನನಗೆ ಗೊತ್ತಿತ್ತು! ಡೆಲ್ಫೀನಳ ಅಜ್ಜಿಯದು, ಅವಳ ಅಡುಗೆಮನೆಯ ಗೋಡೆಯಲ್ಲಿ ಈಗಲೂ ನೇತಾಡುತ್ತದೆ. ಅದರಲ್ಲಿ ಎರಡು ಉದ್ದನೆಯ ತೂತು. "ನಿಮ್ಮನೆ ಇಲಿ ಚೀಲಾನೂ ಬಿಟ್ಟಿಲ್ವಲ್ಲೇ" ಎಂದು ಮೂವತ್ತು ವರ್ಷ ಹಂಗಿಸಿದವಳು ನಾನೇ.

ಮತ್ತೆ ಹೊಲಿದುಬಿಟ್ಟರೆ ಯಾರಿಗೂ ತಿಳಿಯದು. ನರವನ್ನು ಬಾಯಲ್ಲಿ ನೆನೆಸಿ ಎರಡು ಹೊಲಿಗೆ ಹಾಕಿಯೂಬಿಟ್ಟೆ. ಮೂರನೆಯದಕ್ಕೆ ಕೈ ಬರಲಿಲ್ಲ. ಇಷ್ಟು ಚೆಂದ ಮಣಿ ಕೂರಿಸಿದವಳ ಹೆಸರನ್ನು ನಾನೇ ಮುಚ್ಚಿಹಾಕುವುದೇ? ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೆಟ್ಟು ಎತ್ತಿಕೊಂಡು ಡೆಲ್ಫೀನಳ ಅಡುಗೆಮನೆಗೆ ಹೋದಾಗ ಅವಳು ರೊಟ್ಟಿ ಕರಿಯುತ್ತಿದ್ದಳು. ನಾನು ಅಟ್ಟೆಯನ್ನು ಗೋಡೆಯ ಚೀಲದ ತೂತಿಗೆ ಹಿಡಿದೆ. ಪಟ್ಟೆಗೆ ಪಟ್ಟೆ ಕೂಡಿತು. ಅವಳು ನೋಡುತ್ತಲೇ ನಿಂತಳು. ಒಂದು ಕೊಂಕು ಮಾತೂ ಇಲ್ಲ. ನನಗೆ ಹೆದರಿಕೆಯಾಯಿತು.

"ಏನಾದ್ರೂ ಅನ್ನೇ ಮಾರಾಯ್ತಿ! ಬೈಯಾದ್ರೂ ಬೈ!"

ಅವಳು ಹಿಟ್ಟಿನ ಕೈಯಲ್ಲೇ ಕಣ್ಣೊರಸಿಕೊಂಡು, ಸರಿಯಿದ್ದ ಇನ್ನೊಂದು ಮೆಟ್ಟಿಗೆ ಕಾಲು ತೂರಿಸಿದಳು. ಹಿಮ್ಮಡಿ ಹೊರಗೇ ಉಳಿಯಿತು. ನನ್ನ ಕಾಲನ್ನೊಮ್ಮೆ ನೋಡಿದಳು.

"ನಿನ್ನ ಪಾದ ಚಿಕ್ಕದು, ಬುದ್ಧಿ ಇದ್ದಂಗೆ. ನೀನೇ ಹಾಕ್ಕೊಂಡು ಕುಣಿ."

ಅಬ್ಬಾ, ಜೀವ ಬಂತು.

ಜುಲೈ ನಾಲ್ಕರಂದು ನಾನು ಕುಣಿತದ ಕಣಕ್ಕೆ ಇಳಿದಾಗ ಡೆಲ್ಫೀನ್ ಮೈಕು ಕಸಿದುಕೊಂಡಳು. "ಮೆಟ್ಟು ನಮ್ಮಜ್ಜಿ ಚಿಗರೆಯಮ್ಮಂದು! ಕಾಲು ಮಾತ್ರ ಎರವಲು!"

ಪ್ರತಿ ಸುತ್ತಿಗೂ ಅದನ್ನೇ ಕೂಗಿದಳು. ನಾನು ತಲೆಯೆತ್ತಿಕೊಂಡೇ ಕುಣಿದೆ.