ಸತ್ತ ಸಗಣಿ

"ಸಗಣಿನೂ ಬಿಡಲಿಲ್ಲಲ್ಲ, ಕಳ್ಳರಂಡಿ! ಎಲ್ಲೆ ಒಯ್ದು ಮಾರೀದಿ, ಬೊಗಳು!"

ಜಯತೀರ್ಥರಾಯರು ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಒದರುತ್ತಿದ್ದರು. ಗದಿಗೆವ್ವ ಸೊಂಟದ ಬುಟ್ಟಿ ಇಳಿಸಲಿಲ್ಲ. ಏಳೆಂಟು ವರ್ಷದಿಂದ ಈ ಕೊಟ್ಟಿಗೆಯ ಸಗಣಿ ಬಾಚಿದವಳು ಅವಳೇ. ಹೋದ ವರ್ಷ ರಾಯರು ಹಿತ್ತಲಲ್ಲಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸಿದ ಮೇಲೆ ಎಲ್ಲ ಸಗಣಿಯನ್ನೂ ಹೊತ್ತು ಅದಕ್ಕೇ ಸುರಿಯುತ್ತಿದ್ದಳು. ಗ್ಯಾಸು ತುಂಬಿದಾಗ ಗುಂಡಿಯ ಮೇಲಿನ ಕಬ್ಬಿಣದ ಡ್ರಮ್ಮು ಎದೆಯೆತ್ತರ ಏಳುತ್ತಿತ್ತು. ಈಗ ಹದಿನೈದು ದಿನದಿಂದ ತಳ ಕಚ್ಚಿ ಕೂತಿದೆ. ಒಲೆಗೆ ಕಡ್ಡಿ ಗೀರಿದರೆ ಕಡ್ಡಿಯಷ್ಟೇ ಉರಿಯುತ್ತದೆ. ಗದಗಿನಿಂದ ಬಂದ ಗ್ಯಾಸಿನ ಸಾಹೇಬ ಗುಂಡಿಯನ್ನು ಬಗ್ಗಿಯೂ ನೋಡದೆ, "ಸಗಣಿ ಕಡಿಮಿ ಬೀಳ್ತದ" ಎಂದು ಚಹಾ ಕುಡಿದು ಹೋಗಿದ್ದ.

ಆಳುಗಳು ಕೇರಿಗೆ ಹೋಗಿ ಅವಳ ಗೋಡೆಗೆ ತಟ್ಟಿದ್ದ ಸಗಣಿಯ ಕುಳ್ಳು ಕಿತ್ತು ತಂದಿದ್ದರು.

"ಅವು ದಾರ್ಯಾಗ ಬಿದ್ದ ಸಗಣಿ ಆರಿಸಿ ತಟ್ಟಿದ್ದು ರೀ ಯಪ್ಪಾ. ಅಳಿಯಾರು ಫಿನಾಯಿಲ್ ತಂದಾಗಿಂದ ಅಕ್ಕಾರು ನಾ ತುಳಿದ ಜಾಗಕ್ಕೆಲ್ಲಾ ಹೊಯ್ತಾರ. ಅದು ಗಟಾರ ಹಿಡದು ಗುಂಡಿಗೇ ಹೋಗತೈತಿ. ಸಗಣ್ಯಾಗೂ ಜೀವ ಇರತೈತ್ರಿ. ಅದು ಸತ್ತೈತಿ. ಗುಂಡಿ ರಾಡಿ ಬೀಳೋ ಕಡೆ ಒಂದ ಎರಿಹುಳ ತೋರಸ್ರಿ ನೋಡೂಣು."

ರಾಯರ ಹೆಂಡತಿ ಸುಂದರಾಬಾಯಿ ಬಾಟಲಿ ಹಿಡಿದೇ ನಕ್ಕರು. "ಕೇಳಿದ್ರ್ಯಾ? ನಮ್ಮ ಡಾಕ್ಟರ್ ಅಳಿಯಗಿಂತ ಇಕಿ ಶಾಣ್ಯಾಕಿ! ಕ್ರಿಮಿ ಸಾಯಲಿ ಅಂತನ ಹಾಕೋದು."

"ಮೊದಲ ಗೋಮೂತ್ರ ಚಿಮಕಸ್ತಿದ್ರಿ. ನಾ ಬೂದಿ ಉಗ್ಗಿ ಬಳೀತಿದ್ದೆ, ಬೇವಿನ ತಪ್ಪಲದ ಹೊಗಿ ಹಾಕ್ತಿದ್ದೆ. ಆಗ ಡ್ರಮ್ಮು ಏಳ್ತಿತ್ತಲ್ರೀ?"

"ಬಾಯಿ ಮುಚ್ಚು!" ಎಂದರು ರಾಯರು. "ಕುಳ್ಳು ತಲೀ ಮ್ಯಾಲೆ ಹೊತ್ಗೊಂಡು, ಕಳವು ಮಾಡೀನಿ ಅಂತ ಓಣಿ ತುಂಬ ಒದರಕೋತ ಹೋಗು. ಇಲ್ಲಾಂದ್ರ ಈ ಊರಾಗ ಯಾರ ಮನ್ಯಾಗೂ ನಿನಗ ಕೆಲಸ ಇಲ್ಲ."

ಗದಿಗೆವ್ವ ಬುಟ್ಟಿ ಒಗೆದು ಗುಂಡಿಗೆ ಹೋದಳು. ಮೊಣಕೈತನಕ ಅದ್ದಿ, ಬೊಗಸೆ ರಾಡಿ ತಂದು ರಾಯರ ಮೂಗಿಗೆ ಹಿಡಿದಳು.

"ಮೂಸ್ರಿ. ಸಗಣಿ ವಾಸನಿ ಐತೋ, ದವಾಖಾನಿದೋ?"

ರಾಯರು ಹಿಂದಕ್ಕೆ ಹಾರಿದರು. ಧೋತರದ ಮೇಲೆ ಹನಿ ಬಿದ್ದಿತ್ತು. "ಮುಟ್ಟಿದಳು! ಏ, ಮುಟ್ಟಿದಳು!"

ಅವಳು ನಿಲ್ಲಲಿಲ್ಲ. ಕೊಟ್ಟಿಗೆಯ ಈ ಮೂಲೆಯಿಂದ ಆ ಮೂಲೆಗೆ, ಗೋದಲಿಯ ಬುಡಕ್ಕೆ, ಹಾಲು ಕರೆಯುವ ಕಟ್ಟೆಗೆ, ಹೆಜ್ಜೆಯ ಪಕ್ಕ ಹೆಜ್ಜೆ ಒತ್ತಿ ನಡೆದಳು.

"ಹೊಯ್ರೀ ಅಕ್ಕಾರ. ಇಲ್ಲಿ ತುಳದೀನಿ. ಇಲ್ಲೂ ತುಳದೀನಿ."

ಬೆನ್ನ ಹಿಂದೆ ಸುಂದರಾಬಾಯಿ ಬಾಟಲಿ ಬಗ್ಗಿಸುತ್ತ, ನೀರು ಚೆಲ್ಲುತ್ತ, ಬಿಕ್ಕುತ್ತ ಬರುತ್ತಿದ್ದರು. ಹಾಲಿನಂಥ ಬಿಳಿ ನೀರು ಗಟಾರ ತುಂಬಿ ಗುಂಡಿಯತ್ತ ಹರಿಯಿತು.