ಪಯಸರ ಹನ್ನೆರಡು ಪಾದಗಳು

ಪವಿತ್ರ ಗುರುವಾರದ ಸಂಜೆ ಪೂಜೆಯಲ್ಲಿ ಫಾದರ್ ಹನ್ನೆರಡು ಜನರ ಪಾದ ತೊಳೆಯುತ್ತಾರಲ್ಲ, ಯೇಸು ತನ್ನ ಶಿಷ್ಯರದ್ದು ತೊಳೆದ ಹಾಗೆ, ಆ ಹನ್ನೆರಡು ಜನರನ್ನು ಆರಿಸುವ ಕೆಲಸ ಕಡಲಾಚೆಯ ಸುಬಾಂಗ್ ಜಯಾ ಎಂಬ ಊರಿನ ಇಗರ್ಜಿಯಲ್ಲಿ ಹದಿನೆಂಟು ವರ್ಷಗಳಿಂದ ನಮ್ಮ ಪಯಸರದ್ದು. ಸುಲಭದ ಕೆಲಸ ಅಂದುಕೊಳ್ಳಬೇಡಿ. ತಮಿಳರು ನಾಲ್ಕು ಜನ, ಚೀನಿಯರು ನಾಲ್ಕು, ಫಿಲಿಪೀನ್ಸಿನವರು ಇಬ್ಬರು, ಸರವಾಕಿನವರು ಒಬ್ಬರು, ಮಂಗಳೂರಿನವರು ಒಬ್ಬರು. ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿಯಾದರೂ ಪೂಜೆ ಮುಗಿದ ಮೇಲೆ ತಮಿಳು ಮುಸಲ್ಮಾನರ ಮಾಮಕ್ ಅಂಗಡಿಯ ಚಹಾದ ಮುಂದೆ ಮುಖ ಊದಿಸಿಕೊಂಡು ಕೂರುವವರು ಸುಮಾರು ಜನ. ತೊಳೆಯುವುದು ಬಲಗಾಲು ಒಂದೇ. ಆದರೂ ಎಲ್ಲರೂ ಮನೆಯಲ್ಲೇ ಎರಡೂ ಕಾಲು ತಿಕ್ಕಿ ತೊಳೆದು, ಉಗುರು ಕತ್ತರಿಸಿ, ಪೌಡರ್ ಹಾಕಿಕೊಂಡೇ ಬರುವುದು. ಕೊಳೆ ಕಾಲನ್ನು ಫಾದರ್ ಕೈಗೆ ಕೊಡಲಿಕ್ಕೆ ಯಾರಿಗೆ ಮನಸ್ಸು ಬರುತ್ತದೆ, ಹೇಳಿ!

ಪಟ್ಟಿಯಲ್ಲಿ ಹನ್ನೆರಡೂ ಗಂಡಸರೇ. ಮೊದಲು ನಿಯಮವೇ ಹಾಗಿತ್ತು. 2016ರ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅದನ್ನು ಬದಲಾಯಿಸಿ, ಹೆಂಗಸರ ಪಾದವನ್ನೂ ತೊಳೆಯಬಹುದು ಎಂದರು. ಅವರು ಹೇಳುವುದಕ್ಕಿಂತ ಮೊದಲೇ ಮಾಡಿದವರು. ಪೋಪ್ ಆದ ಹದಿನೈದನೇ ದಿನಕ್ಕೇ ಬಾಲಾಪರಾಧಿಗಳ ಜೈಲಿಗೆ ಹೋಗಿ, ಅಲ್ಲಿನ ಹುಡುಗಿಯರ ಕಾಲನ್ನೂ ತೊಳೆದು ಮುತ್ತಿಟ್ಟಿದ್ದರು.

ನಿಯಮ ಬದಲಾದ ಸುದ್ದಿ ಬಂದ ವಾರವೇ ಪಯಸರ ಹೆಂಡತಿ ಅಗ್ನೆಸ್ ಬಾಯಿ ಕಂದು ಪಟ್ಟಿಯ ಹೊಸ ಚಪ್ಪಲಿ ಕೊಂಡರು. ಈಸ್ಟರಿಗೆ ಮೊದಲಿನ ತಪಸ್ಸುಕಾಲದ ನಲವತ್ತು ದಿನವೂ ಬಚ್ಚಲಲ್ಲಿ ಕೂತು ಹಿಮ್ಮಡಿಯ ಬಿರುಕನ್ನು ಕಲ್ಲಿನಿಂದ ಉಜ್ಜಿದರು. ಬಾಯಿಬಿಟ್ಟು ಕೇಳಲಿಲ್ಲ. ಬಂಟ್ವಾಳದಲ್ಲಿ ಕನ್ನಡ ಟೀಚರಾಗಿದ್ದವರು ಅವರು. ಮನೆಮಾತು ಕೊಂಕಣಿಯಾದರೂ ಗಂಡನಿಗೆ ಬೈಯುವುದು ಮಾತ್ರ ಕನ್ನಡದಲ್ಲಿ. ಬೈಯುವುದಕ್ಕೆ ಬಾಯಿ ಇದೆ, ತನಗೆಂದು ಕೇಳುವುದಕ್ಕೆ ಇಲ್ಲ.

ಪಯಸರು ಕಲ್ಲನ್ನೂ ನೋಡಿದರು, ಚಪ್ಪಲಿಯನ್ನೂ ನೋಡಿದರು. ಅರ್ಥವಾಗದಷ್ಟು ದಡ್ಡರೇನಲ್ಲ. ಆದರೆ ಮೊದಲ ವರ್ಷವೇ ಸ್ವಂತ ಹೆಂಡತಿಯನ್ನು ತುರುಕಿದ ಅಂತ ಜನ ಆಡಿಕೊಂಡರೆ? ಹನ್ನೆರಡು ಗಂಡಸರ ಹೆಸರನ್ನೇ ಬರೆದು ಕೊಟ್ಟರು. ಮರುವರ್ಷ ಬೇರೆ ಹೆಂಗಸರ ಹೆಸರು ಬರೆಯೋಣವೆಂದರೆ ಮನೆಯಲ್ಲಿ ಏನಂತ ಉತ್ತರ ಕೊಡುವುದು? ಆ ವರ್ಷವೂ ಗಂಡಸರೇ. ಫಾದರುಗಳು ಬಂದರು, ಹೋದರು, ಪಯಸರ ಪಟ್ಟಿಯನ್ನು ತಿರುಗಿಸಿ ನೋಡಿದವರಿಲ್ಲ. ಒಬ್ಬ ಗಂಡಸಿನ ಪುಕ್ಕಲುತನಕ್ಕೆ ಒಂದಿಡೀ ಇಗರ್ಜಿಯ ಹೆಂಗಸರು ಬೆಂಚಿನಲ್ಲೇ ಉಳಿದರು. ಕಂದು ಚಪ್ಪಲಿ ಶೂ ಸ್ಟ್ಯಾಂಡಿನ ಕೆಳಗಿನ ಹಲಗೆ ಸೇರಿತು.

ಕಳೆದ ವರ್ಷ ಈಸ್ಟರಿನ ಮರುದಿನ ಪೋಪ್ ತೀರಿಕೊಂಡರು. ಮರದ ಪೆಟ್ಟಿಗೆಯಲ್ಲಿ ಮಲಗಿಸಿದ್ದನ್ನು ಗಂಡ ಹೆಂಡತಿ ಊಟದ ಮೇಜಿನಲ್ಲಿ ಕೂತು ಫೋನಿನಲ್ಲಿ ನೋಡಿದರು. ಕಾಲಲ್ಲಿ ಯಾವತ್ತೂ ಹಾಕುತ್ತಿದ್ದ ಅದೇ ಸವೆದ ಕಪ್ಪು ಶೂ.

"ಶೂ ಸಹ ಬದಲಾಯಿಸಲಿಲ್ಲ ನೋಡಿ, ಪಾಪ," ಎಂದ ಅಗ್ನೆಸ್ ಬಾಯಿಯ ಕಣ್ಣು ಬಾಗಿಲ ಬಳಿಯ ಶೂ ಸ್ಟ್ಯಾಂಡಿನ ಕಡೆಗೆ ಹೋಯಿತು. ಪಯಸರು ತಟ್ಟೆ ನೋಡುತ್ತಾ ಅನ್ನ ಕಲಸಿದರು. ಬರುವ ವರ್ಷ ಖಂಡಿತ ಬರೆಯುತ್ತೇನೆ ಅಂತ ಆವತ್ತೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡರು.

ನವೆಂಬರಿನಲ್ಲಿ ಅಗ್ನೆಸ್ ಬಾಯಿಯ ಬಲಗಾಲಿನ ಹೆಬ್ಬೆರಳಿಗೆ ಸಣ್ಣ ಗಾಯವಾಯಿತು. ಸಕ್ಕರೆ ಕಾಯಿಲೆಯ ಮೈ. ಗಾಯ ಕಪ್ಪಾಗಿ, ಬೆರಳನ್ನೇ ತೆಗೆಯಬೇಕಾಯಿತು. ಕಾಲನ್ನು ದಿನಾ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಬೆರಳ ಸಂದಿಯಲ್ಲಿ ತೇವ ಉಳಿಯದ ಹಾಗೆ ಒರೆಸಿ, ಹೊಸ ಗಾಯ ಇದೆಯಾ ನೋಡಬೇಕು ಅಂತ ನರ್ಸ್ ಕಲಿಸಿಕೊಟ್ಟಳು. ಗಾಯ ಪೂರ್ತಿ ಮಾಗಿದ ಮೇಲೂ ಆ ಕೆಲಸ ಪಯಸರು ಯಾರಿಗೂ ಬಿಟ್ಟುಕೊಡಲಿಲ್ಲ. ಬೆಳಗ್ಗೆ ಕಾಫಿಗಿಂತ ಮೊದಲು ಬೇಸಿನ್ನು, ಟವೆಲು.

ಈ ವರ್ಷದ ತಪಸ್ಸುಕಾಲ ಬಂತು. ಪಯಸರು ಪಟ್ಟಿಯ ತಲೆಯಲ್ಲೇ ಅಗ್ನೆಸ್ ಎಂದು ಬರೆದು, ಆರು ಹೆಂಗಸರು ಆರು ಗಂಡಸರೆಂದು ಹೊಂದಿಸಿ, ಹೆಂಡತಿಗೆ ತೋರಿಸಿದರು.

ಅಗ್ನೆಸ್ ಬಾಯಿ ಓದಿ ಕಾಗದವನ್ನು ವಾಪಸು ತಳ್ಳಿದರು. "ಹತ್ತು ವರ್ಷದ ಹಿಂದೆ ಬರೆದಿದ್ದರೆ ಐದು ಬೆರಳಿತ್ತು ನನಗೆ."

"ತಪ್ಪಾಯಿತು ಮಾರಾಯ್ತಿ," ಎಂದರು ಪಯಸರು. ಮದುವೆಯಾದ ನಲವತ್ತೊಂದು ವರ್ಷದಲ್ಲಿ ಈ ಮಾತು ಅವರ ಬಾಯಿಂದ ಬಂದದ್ದು ಎರಡನೆಯ ಸಲವೋ ಏನೋ. ಅಗ್ನೆಸ್ ಬಾಯಿ ಎದ್ದು ಅಡುಗೆಮನೆಗೆ ಹೋದರು. ಹೆಸರನ್ನು ಪಯಸರು ಹೊಡೆದುಹಾಕಲಿಲ್ಲ.

ಪವಿತ್ರ ಗುರುವಾರದ ಹಿಂದಿನ ಗರಿಗಳ ಭಾನುವಾರ ಮಗಳು ಲಿನೆಟ್ ಫೋನಿನಲ್ಲಿ ಹಳೆಯ ವೀಡಿಯೋ ಒಂದನ್ನು ತೋರಿಸಿದಳು. ಸಾಯುವುದಕ್ಕೆ ನಾಲ್ಕು ದಿನ ಮೊದಲು, ಅದೇ ಪವಿತ್ರ ಗುರುವಾರ, ಪೋಪ್ ಗಾಲಿಕುರ್ಚಿಯಲ್ಲಿ ಜೈಲಿಗೆ ಹೋಗಿದ್ದರು. ಈ ವರ್ಷ ನನ್ನಿಂದ ಕಾಲು ತೊಳೆಯಲಿಕ್ಕಾಗುವುದಿಲ್ಲ, ಆದರೂ ನಿಮ್ಮ ಹತ್ತಿರ ಇರಬೇಕೆಂದು ಬಂದೆ ಎಂಬ ಅರ್ಥದ ಮಾತು. ಅಗ್ನೆಸ್ ಬಾಯಿ ಎರಡು ಸಲ ಹಾಕಿಸಿ ನೋಡಿದರು.

"ಆಗದಿದ್ದರೂ ಹೋದರಲ್ಲ!" ಎಂದು ಫೋನನ್ನು ಮಗಳಿಗೆ ವಾಪಸು ಕೊಟ್ಟರು. ಆಮೇಲೆ, "ಎಡಗಾಲಾದರೆ ಬರುತ್ತೇನೆ. ಬಲಗಾಲು ಯಾರಿಗೂ ತೋರಿಸುವುದಿಲ್ಲ," ಎಂದರು.

"ಎಡಗಾಲೇ ಇರಲಿ. ಅಂಕಲ್, ನೋ ಪ್ರಾಬ್ಲಂ ಲಾ," ಎಂದರು ಈಗಿನ ಫಾದರ್ ಸವರಿಮುತ್ತು, ಪಯಸರು ಹೋಗಿ ಕೇಳಿದಾಗ.

ಗುರುವಾರ ಬೆಳಗ್ಗೆ ಪಯಸರು ಎಂದಿನಂತೆ ಬಲಗಾಲು ತೊಳೆಯುತ್ತಿದ್ದಾಗ ಅಗ್ನೆಸ್ ಬಾಯಿ, "ತೊಳೆಯಬೇಕಾದದ್ದು ಇದು, ಮೆರವಣಿಗೆಗೆ ಮಾತ್ರ ಅದು," ಎಂದು ತಮ್ಮಷ್ಟಕ್ಕೇ ಗೊಣಗಿದರು. ಪಯಸರು ಬೆರಳ ಸಂದಿ ಒರೆಸಿದರು.

ಸಂಜೆ ಇಗರ್ಜಿ ತುಂಬಿತ್ತು. ಹನ್ನೆರಡು ಕುರ್ಚಿ, ಮೊದಲನೆಯದರಲ್ಲೇ ಅಗ್ನೆಸ್ ಬಾಯಿ, ಎಡಗಾಲು ಬರಿದು, ಬಲಗಾಲಿಗೆ ದಪ್ಪ ಚಪ್ಪಲಿ ಮತ್ತು ಕಾಲುಚೀಲ. ಫಾದರ್ ಮಂಡಿಯೂರಿದರು. ಪಕ್ಕದಲ್ಲಿ ನೀರಿನ ಹೂಜಿ ಹಿಡಿದು ಬಗ್ಗಿದವರು ಪಯಸರು, ಅದೂ ಹದಿನೆಂಟು ವರ್ಷದಿಂದ ಅವರದ್ದೇ ಕೆಲಸ. ಫಾದರ್ ಎಡಗಾಲಿಗೆ ಕೈ ಚಾಚಿದರು.

ಅಗ್ನೆಸ್ ಬಾಯಿ ಎಡಗಾಲನ್ನು ಹಿಂದಕ್ಕೆ ಎಳೆದುಕೊಂಡರು. ಬಗ್ಗಿ ಬಲಗಾಲಿನ ಚಪ್ಪಲಿ ಕಳಚಿ, ಕಾಲುಚೀಲ ಜಾರಿಸಿ, ನಾಲ್ಕು ಬೆರಳಿನ ಪಾದವನ್ನು ಬೇಸಿನ್ನಿನ ಮೇಲೆ ಚಾಚಿದರು. ಪಕ್ಕದ ಕುರ್ಚಿಯ ಚೀನೀ ಅಂಕಲ್ ತಮ್ಮ ನಯವಾದ ಪಾದವನ್ನು ಮೆಲ್ಲ ಕುರ್ಚಿಯಡಿ ಸರಿಸಿಕೊಂಡರು.

ಪಯಸರ ಕಣ್ಣು ಮಂಜಾಯಿತು. ಹೂಜಿಯ ನೀರು ಅರ್ಧ ಕಾಲಿಗೆ, ಅರ್ಧ ಫಾದರ್ ಸವರಿಮುತ್ತು ಅವರ ಮಡಿಲಿಗೆ.

ಮೈಕಿನ ಹತ್ತಿರ ಕೂತಿದ್ದೇನೆಂಬ ಅಂದಾಜು ಅಗ್ನೆಸ್ ಬಾಯಿಗಿರಲಿಲ್ಲ. ಇಡೀ ಇಗರ್ಜಿಗೆ ಅಚ್ಚ ಕನ್ನಡ ಕೇಳಿಸಿತು.

"ಸರಿಯಾಗಿ ಹೊಯ್ಯಿರಿ ಮಾರಾಯ್ರೆ. ದಿನಾ ಮನೆಯಲ್ಲಿ ತೊಳೆಯುವಾಗ ಒಂದು ಹನಿಯೂ ಚೆಲ್ಲುವುದಿಲ್ಲವಲ್ಲ ನೀವು!"