ನೂರಕ್ಕೆ ಆರರಷ್ಟು ವೇಗ

ನನ್ನ ತಮ್ಮನನ್ನು ಮನೆಯಲ್ಲಿ ಸೈರನ್ ಎಂದೇ ಕರೆಯುತ್ತಿದ್ದೆವು. ತೊಟ್ಟಿಲಲ್ಲಿದ್ದಾಗಲೇ ಅಂಥ ಗಂಟಲು. ಅವನು ಅಳಲು ಶುರುಮಾಡಿದರೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಈಗ ಬೀಗದ ಕೈ ಮಾಡುವ ಅಂಗಡಿ ಇಟ್ಟುಕೊಂಡಿದ್ದಾನೆ. ಅಲ್ಲಿ ಕಿರುಚುವುದು ಮಷೀನು ಮಾತ್ರ. ಅವನು ಮಾತಾಡಿದರೆ ಗಿರಾಕಿಗಳು "ಏನಂದ್ರಿ?" ಎಂದು ಕಿವಿ ಮುಂದೆ ತರುತ್ತಾರೆ. ಎರಡು ಸಲ ಗಂಟಲಿನ ಆಪರೇಷನ್ ಆಗಿದೆ. ಅದಕ್ಕೆ ಕಾರಣ ನಾನು, ಅವನ ಸ್ವಂತ ಅಕ್ಕ. ಇಪ್ಪತ್ತೆರಡು ವರ್ಷ ಇದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ನಮ್ಮ ಮನೆಯಲ್ಲೊಂದು ಹಳೇ ಟೇಪ್ ರೆಕಾರ್ಡರ್ ಇತ್ತು. ತಮ್ಮ ಮತ್ತು ಅವನ ಗೆಳೆಯ ಎಮ್ಮೆ ಅದರ ಮುಂದೆ ಬೋರಲು ಬಿದ್ದು ಹಳೇ ಹೆವಿ ಮೆಟಲ್ ಕ್ಯಾಸೆಟ್ಟುಗಳನ್ನು ಕೇಳುತ್ತಿದ್ದರು. ಎರಡು ಗಿಟಾರು ಜೋಡಿಯಾಗಿ ಓಡಬೇಕು, ಕೆಳಗೆ ಬೇಸ್ ಗಿಟಾರು ಕುದುರೆಯಂತೆ ನೆಗೆಯಬೇಕು, ಇವೆಲ್ಲದರ ಮೇಲೆ ಗಾಯಕನ ಚೀರು ಏರಬೇಕು. ಅವರಿಬ್ಬರಿಗೆ ಬೇರೆ ಪಾಠವೇ ತಲೆಗೆ ಹತ್ತುತ್ತಿರಲಿಲ್ಲ. ಊಟಕ್ಕೆ ಕೂತರೆ ಏಳುತ್ತಿರಲಿಲ್ಲವೆಂದು ಎಮ್ಮೆಗೆ ಆ ಹೆಸರು ಬಂದಿತ್ತು. ಡ್ರಮ್ಮಿನ ಮುಂದೆ ಕೂತಾಗ ಮಾತ್ರ ಅವನ ಕೈಕಾಲು ಓಡುವ ವೇಗಕ್ಕೆ ಕಣ್ಣಿಗೆ ಕಾಣುತ್ತಿರಲಿಲ್ಲ.

ನಾನು ರೆಕಾರ್ಡಿಂಗ್ ಸ್ಟುಡಿಯೋ ಸೇರಿದ ಮೇಲೆ ಒಮ್ಮೆ ಅವರ ಕ್ಯಾಸೆಟ್ಟೊಂದನ್ನು ಅಲ್ಲಿನ ಒಳ್ಳೆಯ ಮಷೀನಿಗೆ ಹಾಕಿದೆ. ಹಾಡು ನಿಧಾನವಾಗಿತ್ತು, ಗಾಯಕನ ಧ್ವನಿಯೂ ತಗ್ಗಿನಲ್ಲಿತ್ತು. ಆಗ ಗೊತ್ತಾಯಿತು, ನಮ್ಮ ಮನೆಯ ಡಬ್ಬ ಇಷ್ಟು ವರ್ಷ ಬೇಗ ಬೇಗ ಓಡುತ್ತಿತ್ತು. ಇವರು ಪೂಜಿಸುತ್ತಿದ್ದ ಚೀರನ್ನು ಯಾವ ಮನುಷ್ಯನೂ ಚೀರಿರಲಿಲ್ಲ. ಒಬ್ಬಳೇ ನಕ್ಕೆ. ಮನೆಗೆ ಹೋಗಿ ಹೇಳೋಣವೆಂದುಕೊಂಡು ಮರೆತೆ.

ಆಮೇಲೆ ಇವರಿಬ್ಬರೂ ಒಬ್ಬ ಗಿಟಾರಿನವನನ್ನು ಸೇರಿಸಿಕೊಂಡು ಬ್ಯಾಂಡು ಕಟ್ಟಿದರು; ಹಾಡುವವನು ತಮ್ಮನೇ. ಹೆವಿ ಮೆಟಲ್ಲಿನಲ್ಲೇ ಪವರ್ ಮೆಟಲ್ ಎಂಬ ಬಗೆಯ ಆಲ್ಬಂ ಮಾಡಲು ಹೊರಟರು. ಕತ್ತಿ, ಕೋಟೆ, ಬೆಂಕಿಯುಗುಳುವ ಹಕ್ಕಿ ಎಲ್ಲ ಇದ್ದ ಎಂಟು ಹಾಡು. ರೆಕಾರ್ಡಿಂಗ್ ನನ್ನದೇ. ಕೊನೆಯ ದಿನ ಎಲ್ಲವನ್ನೂ ಕೇಳಿಸಿದಾಗ ತಮ್ಮ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟ.

"ಆ ಕ್ಯಾಸೆಟ್ಟಿನವ್ರ ಹತ್ರಾನೂ ಸುಳಿಯಕ್ಕಾಗಿಲ್ಲ ಅಕ್ಕಾ. ನನ್ ಗಂಟ್ಲೇ ಇಷ್ಟು."

ಅವನು ಅದ್ಭುತವಾಗಿ ಹಾಡಿದ್ದ. ಮನೆಯ ಟೇಪ್ ರೆಕಾರ್ಡರಿನ ಸತ್ಯ ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾನು ಅವನನ್ನು ಟೀ ಕುಡಿಯಲು ಕಳಿಸಿ, ಮಷೀನಿನ ವೇಗದ ಗುಂಡಿಯನ್ನು ನೂರಕ್ಕೆ ಆರರಷ್ಟು ಹೆಚ್ಚಿಗೆ ತಿರುಗಿಸಿದೆ. ಹಾಡು ಓಡಿತು, ಶ್ರುತಿ ಏರಿತು. ಬಂದು ಕೇಳಿದವನು ನನ್ನನ್ನು ಎತ್ತಿ ಗಿರಗಿರ ತಿರುಗಿಸಿದ.

"ಏನ್ ಮಾಡ್ದೆ?"

"ಏನಿಲ್ಲ, ಸ್ವಲ್ಪ ಒರೆಸಿದೆ ಅಷ್ಟೆ," ಎಂದೆ. ಪ್ರೀತಿಯಿಂದ ಮಾಡಿದೆ ಎಂದರೆ ಅರ್ಧ ಸುಳ್ಳು. ಅವನು ನನ್ನನ್ನು ಹಾಗೆ ಎತ್ತಿ ತಿರುಗಿಸಲಿ ಎಂಬ ಆಸೆಯೂ ಇತ್ತು.

ಆಲ್ಬಂ ಜನರ ಬಾಯಿಗೆ ಬಿತ್ತು. ಕೇಳಲು ಬಂದವರಿಗೆ ವೇದಿಕೆಯ ಮೇಲೂ ಅದೇ ವೇಗ, ಅದೇ ಶ್ರುತಿ ಬೇಕು. ಗಿಟಾರಿನವನು ಕ್ಯಾಸೆಟ್ಟಿಗೆ ಸರಿಹೊಂದಲೆಂದು ತಂತಿ ಬಿಗಿದ. ಬಿಗಿದ ತಂತಿಯ ಹಿಂದೆ ಗಂಟಲು ಹರಿದುಕೊಂಡು ತಮ್ಮ ಓಡಿದ. ಆ ವೇಗಕ್ಕೆ ಎಮ್ಮೆಯ ಕಾಲು ಸೋಲತೊಡಗಿತು. ಮೂರನೇ ವರ್ಷ ತುಂಬಿದ ಸಭೆಯಲ್ಲಿ ತಮ್ಮ ಎಮ್ಮೆಯ ಕಡೆ ತಿರುಗಿ ಮೈಕಿನಲ್ಲೇ ಅಂದ: "ನಿಂಗೆ ಹೆಸ್ರಿಟ್ಟೋರು ಸುಮ್ನೆ ಇಟ್ಟಿಲ್ಲ ಕಣೋ." ಜನ ನಕ್ಕರು. ಎಮ್ಮೆ ಕೋಲುಗಳನ್ನು ಸ್ಟೂಲಿನ ಮೇಲಿಟ್ಟು ಇಳಿದು ಹೋದ. ಮತ್ತೆ ಅವರ ನಡುವೆ ಮಾತಿಲ್ಲ. ಆರು ತಿಂಗಳಿಗೆ ತಮ್ಮನ ಧ್ವನಿಯೂ ಹೋಯಿತು. ಆಗಲಾದರೂ ಹೇಳಬಹುದಿತ್ತು. "ಬಿಸಿನೀರು ಕುಡಿ," ಎಂದೆ.

ಕಳೆದ ವಾರ ಆ ಆಲ್ಬಮ್ಮನ್ನು ಮತ್ತೆ ಹೊರತರುತ್ತೇವೆಂದು ಒಂದು ಕಂಪನಿಯವರು ಮೂಲ ಟೇಪು ಕೇಳಿದರು. ಪೆಟ್ಟಿಗೆಯ ಮೇಲೆ ನನ್ನದೇ ದುಂಡು ಅಕ್ಷರ: ವೇಗ, ಆರು ಹೆಚ್ಚು. ಮರುದಿನ ಮಧ್ಯಾಹ್ನ ತಮ್ಮನನ್ನು ಸ್ಟುಡಿಯೋಗೆ ಕರೆಸಿ, ಗುಂಡಿಯನ್ನು ಸೊನ್ನೆಗೆ ತಂದು ಟೇಪು ಹಾಕಿದೆ.

ಬೆರಳಿಗಂಟಿದ್ದ ಹಿತ್ತಾಳೆಯ ಪುಡಿ ಉಜ್ಜಿಕೊಳ್ಳುತ್ತಾ ಕೇಳಿದ. "ಯಾರಕ್ಕಾ ಇದು, ನಮ್ ಹಾಡು ಹಾಡ್ತಿರೋದು? ಎಷ್ಟ್ ಆರಾಮಾಗ್ ಹಾಡ್ತಿದಾನೆ."

"ನೀನೇ."

ಎಲ್ಲವನ್ನೂ ಹೇಳಿದೆ. ಮನೆಯ ಟೇಪ್ ರೆಕಾರ್ಡರು, ಟೀ ಕುಡಿಯಲು ಕಳಿಸಿದ್ದು, ಗುಂಡಿ. ಬೈಯಲಿ, ಏನಾದರೂ ಎತ್ತಿ ಎಸೆಯಲಿ ಎಂದು ಕಾದೆ. ಅವನು ಮಷೀನಿನ ಕಡೆ ಕೈ ತೋರಿಸಿದ.

"ಇನ್ನೊಂದ್ಸಲ ಹಾಕು. ಡ್ರಮ್ ಕೇಳ್ಬೇಕು."

ಹಾಕಿದೆ. ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಕೊನೆಯವರೆಗೂ ಕೇಳಿದ.

"ಅವ್ನು ಎಲ್ಲೂ ಹಿಂದೆ ಬಿದ್ದಿಲ್ಲ," ಎಂದ. ಕಣ್ಣು ತುಂಬಿತ್ತು. "ಅಷ್ಟ್ ಜನದ ಮುಂದೆ ನಾನ್ ಹಂಗಂದ್ಬಿಟ್ನಲ್ಲಕ್ಕಾ."

ಎಮ್ಮೆಯ ನಂಬರು ಅವನ ಫೋನಿನಲ್ಲಿತ್ತು. ಎಷ್ಟು ವರ್ಷದಿಂದ ಇತ್ತೋ. ಒತ್ತಿ ಸ್ಪೀಕರಿಗೆ ಹಾಕಿದ.

"ಹಲೋ, ಯಾರು?"

"ನಾನು ಕಣೋ."

"ಯಾರು ಮಾತಾಡ್ತಿರೋದು? ಸ್ವಲ್ಪ ಜೋರಾಗಿ ಹೇಳಿ."

ಕತ್ತಿನ ನರ ಉಬ್ಬಿಸಿ ತಮ್ಮ ಮತ್ತೆ ಹೇಳಿದ. ಗಾಳಿ ಮಾತ್ರ ಹೊರಗೆ ಬಂತು. ಫೋನನ್ನು ಮೇಜಿನ ಮೇಲೆ ನನ್ನ ಕಡೆ ತಳ್ಳಿದ.

"ನಾನಪ್ಪಾ, ಸೈರನ್‌ನ ಅಕ್ಕ," ಎಂದೆ.

"ಅಕ್ಕಾ, ಹೇಗಿದೀರಾ? ಅವ್ನು ಚೆನ್ನಾಗಿದಾನಾ? ಈಗ್ಲೂ ಹಾಡ್ತಾನಾ?"

ಮುಖ ತಗ್ಗಿಸಿ ಬೆರಳಿನ ಪುಡಿ ನೋಡುತ್ತಾ ತಮ್ಮ ಕೂತಿದ್ದ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದರೆ ಮೊದಲು ಗುಂಡಿಯ ವಿಷಯ ಹೇಳಬೇಕಿತ್ತು. ಹೇಳತೊಡಗಿದೆ.